ಬೋಲ್ಟ್ ಬಿಗಿಯದೆ ಸುತ್ತುತ್ತಲೇ ಇದ್ದರೆ: ಡರ್ಟ್ ಬೈಕಿನ ಥ್ರೆಡ್ ದುರಸ್ತಿ

ಪ್ರಶ್ನೆ: ನಾನು ಕೊರಟಗೆರೆಯವನು. ಎರಡು ವರ್ಷದ ಹಿಂದೆ 200 ಸಿಸಿಯ ಹಳೆಯ ಡರ್ಟ್ ಬೈಕೊಂದನ್ನು ಕೊಂಡೆ. ರಜಾ ದಿನಗಳಲ್ಲಿ ಜಯಮಂಗಲಿಯ ಮರಳಿನಲ್ಲೂ ಮಧುಗಿರಿ ಕಡೆಯ ಕಲ್ಲುದಾರಿಗಳಲ್ಲೂ ಓಡಿಸುತ್ತೇನೆ. ಕಳೆದ ತಿಂಗಳು ಕ್ಲಚ್ ಪ್ಲೇಟ್ ಬದಲಿಸಿ ಬಲಬದಿಯ ಕವರನ್ನು ಮತ್ತೆ ಕೂರಿಸುವಾಗ ಎರಡು ಸಣ್ಣ ಬೋಲ್ಟುಗಳು ಬಿಗಿಯದೆ ಸುಮ್ಮನೆ ಸುತ್ತತೊಡಗಿದವು. ಈಗ ಅಲ್ಲಿ ಆಯಿಲ್ ಜಿನುಗುತ್ತಿದೆ. ಮೊನ್ನೆ ಆಯಿಲ್ ಬದಲಿಸುವಾಗ ಡ್ರೈನ್ ಬೋಲ್ಟ್ ಕೂಡ ಹಾಗೆಯೇ ಆಯಿತು. ಲೇತ್ ಅಂಗಡಿಯವರು ಅಳೆದು, ಕವರಿನ ಬೋಲ್ಟುಗಳು ಎಂ6 (ವ್ಯಾಸ 6 ಮಿ.ಮೀ.), ಪಿಚ್ 1 (ತಿರುಪಿನ ಒಂದು ಸುತ್ತಿನಿಂದ, ಅಂದರೆ ಥ್ರೆಡ್‌ನಿಂದ, ಮುಂದಿನದಕ್ಕೆ 1 ಮಿ.ಮೀ.); ಡ್ರೈನ್ ಬೋಲ್ಟ್ ಎಂ12, ಪಿಚ್ 1.5 ಎಂದು ಹೇಳಿದ್ದಾರೆ. ಒಬ್ಬರು ದಪ್ಪ ಬೋಲ್ಟ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ವೆಲ್ಡಿಂಗ್ ಮಾಡಿಸಿ ಹೊಸದಾಗಿ ಟ್ಯಾಪ್ ಹೊಡೆಸಿ (ಥ್ರೆಡ್ ಕೊರೆಸಿ) ಎನ್ನುತ್ತಾರೆ, ಮತ್ತೊಬ್ಬರು ಹೆಲಿಕಾಯಿಲ್ ಎಂಬ ತಂತಿಸುರುಳಿ ಹಾಕಿಸಿ ಎನ್ನುತ್ತಾರೆ. ಯಾವುದು ಸರಿ? ಈ ಕೆಲಸವನ್ನು ನಾನೇ ಮಾಡಿಕೊಳ್ಳಬಹುದೇ?

ಉತ್ತರ: ನಿಮಗೆ ಸಲಹೆ ಕೊಟ್ಟ ಮೂವರೂ ಒಂದೊಂದು ಸಂದರ್ಭದಲ್ಲಿ ಸರಿಯೇ. ಆದರೆ ಕವರಿನ ಸಣ್ಣ ತೂತಿಗೆ ಹೊಂದುವ ಉಪಾಯ ಡ್ರೈನ್ ತೂತಿಗೆ ಹೊಂದುವುದಿಲ್ಲ. ಕವರಿನ ಎರಡು ತೂತುಗಳಿಗೆ ಹೆಲಿಕಾಯಿಲ್ ಸುರುಳಿಯೇ ತಕ್ಕ ಮದ್ದು. ಕೈ ನಿಧಾನವಿದ್ದವರು ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಡ್ರೈನ್ ತೂತಿನ ವಿಚಾರವನ್ನು ಅದರ ಸುತ್ತಲಿನ ಲೋಹದ ದಪ್ಪವನ್ನು ಅಳೆದ ಮೇಲೆಯೇ ತೀರ್ಮಾನಿಸಬೇಕು. ವೆಲ್ಡಿಂಗನ್ನು ಎರಡಕ್ಕೂ ಕೊನೆಯ ದಾರಿಯೆಂದು ಇಟ್ಟುಕೊಳ್ಳಿ.

ಆದರೆ ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲು, ಹಾಳಾಗಿರುವುದು ಬೋಲ್ಟೋ ತೂತೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಬಿಚ್ಚಿದ ಬೋಲ್ಟನ್ನು ಬಿಸಿಲಿಗೆ ಹಿಡಿದು ನೋಡಿದಾಗ ಅದರ ಥ್ರೆಡ್‌ಗಳ ಸಂದಿಯಲ್ಲಿ ಬೆಳ್ಳಿಯ ಬಣ್ಣದ ಎಳೆಯೊಂದು ಸಣ್ಣ ಸ್ಪ್ರಿಂಗಿನಂತೆ ಸುತ್ತಿಕೊಂಡಿದ್ದರೆ, ಅದು ಎಂಜಿನ್ ಕೇಸಿನ ಅಲ್ಯೂಮಿನಿಯಂ. ತೂತಿನ ಥ್ರೆಡ್ ಕಿತ್ತು ಬಂದಿದೆ ಎಂದರ್ಥ. ಅಂಥ ಎಳೆಯೇನೂ ಇಲ್ಲದೆ ಬೋಲ್ಟಿನ ಅಂಚುಗಳೇ ಮೊಂಡಾಗಿದ್ದರೆ ಹೊಸ ಬೋಲ್ಟೊಂದರಿಂದಲೇ ಕೆಲಸ ಮುಗಿಯಬಹುದು. ನನ್ನ ಬಳಿಗೆ ಬರುವ ಹತ್ತು ಬೈಕುಗಳಲ್ಲಿ ಒಂದೆರಡಕ್ಕಾದರೂ ಇಷ್ಟೇ ಸಾಕಾಗಿರುತ್ತದೆ, ಆದರೆ ಆ ಹೊತ್ತಿಗೆ ಯಾರೋ ಅವಸರದಲ್ಲಿ ತೂತನ್ನು ದೊಡ್ಡದು ಮಾಡಿರುತ್ತಾರೆ.

ಎರಡನೆಯದಾಗಿ, ಕವರಿನ ಎರಡು ಬೋಲ್ಟುಗಳು ಒಂದೇ ಸಲಕ್ಕೆ ಹೋಗಿವೆ ಎಂದು ನೀವು ಬರೆದಿರುವುದರಿಂದ ನನಗೊಂದು ಅನುಮಾನವಿದೆ. ಕ್ಲಚ್ ಕವರಿನ ಬೋಲ್ಟುಗಳೆಲ್ಲ ಒಂದೇ ಉದ್ದದವಲ್ಲ; ಕವರು ದಪ್ಪವಿರುವ ಕಡೆ ಉದ್ದದ್ದು, ತೆಳುವಿರುವ ಕಡೆ ಗಿಡ್ಡದ್ದು ಇರುತ್ತದೆ. ಎಲ್ಲವನ್ನೂ ಬಿಚ್ಚಿ ಒಂದೇ ಡಬ್ಬಿಗೆ ಹಾಕಿಕೊಂಡವರು ಮರಳಿ ಹಾಕುವಾಗ ಅದಲುಬದಲು ಮಾಡುತ್ತಾರೆ. ಕವರಿನ ದಪ್ಪ 20 ಮಿ.ಮೀ. ಇರುವಲ್ಲಿ 25 ಮಿ.ಮೀ. ಉದ್ದದ ಬೋಲ್ಟ್ ಹೋದರೆ ಕೇಸಿನೊಳಗೆ ಇಳಿಯುವುದು ಬರೀ 5 ಮಿ.ಮೀ., ಅಂದರೆ ಐದೇ ಥ್ರೆಡ್. ಸ್ಟೀಲಿನ ಬೋಲ್ಟು ಅಲ್ಯೂಮಿನಿಯಂ ಎರಕದೊಳಗೆ ತನ್ನ ವ್ಯಾಸದ ಒಂದೂವರೆಯಿಂದ ಎರಡರಷ್ಟು ಆಳಕ್ಕೆ ಇಳಿದಿರಬೇಕು. ಎಂ6ಕ್ಕೆ 9ರಿಂದ 12 ಮಿ.ಮೀ. ಐದು ಥ್ರೆಡ್‌ಗಳ ಮೇಲೆ ಪೂರ್ಣ ಬಿಗಿತ ಹೇರಿದರೆ ಅವು ಕಿತ್ತುಬರುವುದರಲ್ಲಿ ಆಶ್ಚರ್ಯವೇನಿಲ್ಲ.

ಹೀಗಾಗಿದ್ದರೆ ಒಂದು ಲಾಭವೂ ಇದೆ. ಕಿತ್ತುಹೋಗಿರುವುದು ಬಾಯಿಯ ಬಳಿಯ ಐದು ಥ್ರೆಡ್ ಮಾತ್ರ. ಒಳಗಿನವು ಹೊಸದರಂತೆಯೇ ಉಳಿದಿರುತ್ತವೆ. ಊದುಬತ್ತಿ ಉರಿದು ಉಳಿದ ಬಿದಿರುಕಡ್ಡಿಯೊಂದನ್ನು ತೂತಿಗೆ ಇಳಿಬಿಟ್ಟು, ಬಾಯಿಯ ಮಟ್ಟಕ್ಕೆ ಉಗುರಿನಿಂದ ಗುರುತು ಮಾಡಿ ಹೊರತೆಗೆದು ಅಳೆಯಿರಿ. ತೂತಿನ ಆಳ 22 ಮಿ.ಮೀ. ಬಂದರೆ, ತಳದ ಮೂರು ನಾಲ್ಕು ಮಿಲಿಮೀಟರಿನಲ್ಲಿ ಥ್ರೆಡ್ ಪೂರ್ತಿಯಾಗಿರುವುದಿಲ್ಲವೆಂದು ಅದನ್ನು ಕಳೆದು, ಸುಮಾರು 18 ಮಿ.ಮೀ. ಬಳಸಲು ಸಿಗುತ್ತದೆ ಎಂದುಕೊಳ್ಳಿ. ಆಗ 35 ಮಿ.ಮೀ.ನ ಬೋಲ್ಟು 20 ಮಿ.ಮೀ. ಕವರನ್ನು ದಾಟಿ 15 ಮಿ.ಮೀ. ಒಳಗಿಳಿಯುತ್ತದೆ, ಅದರಲ್ಲಿ 10 ಮಿ.ಮೀ. ಹೊಸ ಥ್ರೆಡ್ ಹಿಡಿಯುತ್ತದೆ. ಒಂದು ಬೋಲ್ಟಿನ ಬೆಲೆಯಲ್ಲಿ ಕೆಲಸ ಮುಗಿಯಿತು. ಎಚ್ಚರವಿರಬೇಕಾದದ್ದು ಒಂದೇ: ಬೋಲ್ಟಿನ ತುದಿ ತೂತಿನ ತಳಕ್ಕೆ ತಗಲಬಾರದು. ತಗಲಿದರೆ ಬೋಲ್ಟು ಬಿಗಿಯಾದಂತೆ ಕೈಗೆ ತಿಳಿಯುತ್ತದೆ, ಕವರು ಮಾತ್ರ ಸಡಿಲವಾಗಿಯೇ ಇರುತ್ತದೆ. ಇನ್ನೂ ಒತ್ತಾಯ ಮಾಡಿದರೆ ಕೇಸೇ ಸೀಳುತ್ತದೆ. ಹೊಸದಾಗಿ ಸಿಗುವ ಥ್ರೆಡ್ 6 ಮಿ.ಮೀ.ಗಿಂತ ಕಡಿಮೆಯಾದರೆ ಈ ಉಪಾಯವನ್ನು ಬಿಟ್ಟುಬಿಡಿ.

ಇನ್ನು ಮುಂದೆ ಕವರು ಬಿಚ್ಚುವಾಗ, ಮನೆಯಲ್ಲಿ ಬಿದ್ದಿರುವ ಹಳೆಯ ಮದುವೆ ಕರೆಯೋಲೆಯ ಹಿಂಬದಿಯಲ್ಲಿ ಕವರಿನ ಆಕಾರವನ್ನು ಗೀಚಿ, ಬಿಚ್ಚಿದ ಪ್ರತಿ ಬೋಲ್ಟನ್ನೂ ಅದರದರ ಜಾಗದಲ್ಲೇ ಚುಚ್ಚಿಡಿ. ಇಪ್ಪತ್ತು ವರ್ಷದಿಂದ ನಾನು ಮಾಡುತ್ತಿರುವುದು ಇದನ್ನೇ.

ಬೋಲ್ಟಿನ ಉದ್ದ ಸರಿಯಿದ್ದೂ ಥ್ರೆಡ್ ಹೋಗಿದೆ ಎಂದಾದರೆ ಕಾರಣ ಕೈಯ ಅಂದಾಜಿನಲ್ಲಿದೆ. ಕೇಸಿಗೆ ಬಿಗಿಯುವ ಎಂ6 ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸಿನ ಟಾರ್ಕ್ ಸಾಕು. ನಿಖರ ಅಂಕಿಯನ್ನು ನಿಮ್ಮ ಬೈಕಿನ ಸರ್ವಿಸ್ ಮ್ಯಾನುಯಲ್ಲಿನಲ್ಲಿ ನೋಡಿಕೊಳ್ಳಿ. ಅಷ್ಟು ಟಾರ್ಕಿಗೇ ಆ ಕಿರುಬೆರಳಿನಷ್ಟೂ ದಪ್ಪವಿಲ್ಲದ ಬೋಲ್ಟು ಕವರನ್ನು ಸುಮಾರು 850 ಕಿಲೋ ತೂಕದ ಬಲದಿಂದ ಒತ್ತಿ ಹಿಡಿಯುತ್ತದೆ. ಹದಿನೈದು ಸೆಂಟಿಮೀಟರ್ ಉದ್ದದ ಪಾನಾದ ತುದಿಯಲ್ಲಿ ಏಳು ಕಿಲೋದಷ್ಟು ಒತ್ತಿದರೆ 10 ನ್ಯೂಟನ್ ಮೀಟರ್ ಆಗಿಬಿಡುತ್ತದೆ. ಅದೇ ಬೋಲ್ಟಿಗೆ ಮೂವತ್ತು ಸೆಂಟಿಮೀಟರಿನ ರಾಚೆಟ್ ಹಾಕಿ ಹತ್ತು ಕಿಲೋ ಒತ್ತಿದರೆ ಮೂರು ಪಟ್ಟಾಯಿತು, ಒತ್ತಿದವರಿಗೆ ಮಾತ್ರ ತಾವು ಮೆಲ್ಲಗೇ ತಿರುಗಿಸಿದಂತೆ ಅನಿಸುತ್ತದೆ. ಇದರ ಜೊತೆಗೆ ಥ್ರೆಡ್‌ಗೆ ಆಯಿಲ್ ಮೆತ್ತಿಕೊಂಡಿದ್ದರೆ ಉಜ್ಜಾಟ ಕಡಿಮೆಯಾಗಿ ಅದೇ ಟಾರ್ಕಿಗೆ ಎಳೆತ ಇನ್ನೂ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಕ್ಲಚ್ ಕವರು ಬಿಚ್ಚಿದಾಗ ತೂತುಗಳಿಗೆಲ್ಲ ಆಯಿಲ್ ಇಳಿದಿರುವುದರಿಂದ, ಬಟ್ಟೆಯ ಬತ್ತಿ ಹೊಸೆದು ಒಳಗೆ ತಿರುಗಿಸಿ ಒಣಗಿಸಿಕೊಂಡೇ ಬೋಲ್ಟ್ ಹಾಕಬೇಕು.

ಡರ್ಟ್ ಬೈಕಿಗೆ ಮಾತ್ರ ಬರುವ ಕಾಯಿಲೆಯೂ ಒಂದಿದೆ. ಸಣ್ಣ ಮರಳು ಬೋಲ್ಟಿನ ತಲೆಯ ಸುತ್ತ ಕೂರುತ್ತದೆ, ನೀರು ಹಾಯಿಸಿ ತೊಳೆದಾಗ ಅದು ಥ್ರೆಡ್‌ನೊಳಕ್ಕೂ ಇಳಿಯುತ್ತದೆ. ಸ್ಟೀಲು ಮತ್ತು ಅಲ್ಯೂಮಿನಿಯಂ ಒದ್ದೆ ಕೆಸರಿನಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಕರಗಿ ಸವೆಯುವುದು ಅಲ್ಯೂಮಿನಿಯಂ. ಆಗ ಹುಟ್ಟುವ ಬಿಳಿಯ ಪುಡಿ ಬೋಲ್ಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬಲವಂತವಾಗಿ ತಿರುಗಿಸಿದಾಗ ಥ್ರೆಡ್‌ನ್ನೂ ಕಿತ್ತುಕೊಂಡೇ ಹೊರಬರುತ್ತದೆ. ಎಂಜಿನ್ನಿನ ಅಡಿಯ ಬ್ಯಾಶ್ ಪ್ಲೇಟಿನ ಬೋಲ್ಟುಗಳಿಗೆ ಇದು ತೀರಾ ಸಾಮಾನ್ಯ. ಬಿಚ್ಚುವ ಮೊದಲು ತಲೆಯ ಸುತ್ತ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಜ್ಜಿ, ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಿ.

ಈಗ ಹೆಲಿಕಾಯಿಲ್‌ಗೆ ಬರೋಣ. ಇದು ಸ್ಟೇನ್‌ಲೆಸ್ ಸ್ಟೀಲಿನ ತಂತಿಯಿಂದ ಸುತ್ತಿದ ಸುರುಳಿ. ತಂತಿಯನ್ನು ಅಡ್ಡ ಕೊಯ್ದು ನೋಡಿದರೆ ವಜ್ರದ ಆಕಾರ ಕಾಣುತ್ತದೆ. ಅದರ ಹೊರಮೈ ಕೇಸಿನಲ್ಲಿ ಹೊಸದಾಗಿ ಕೊರೆದ ದೊಡ್ಡ ಥ್ರೆಡ್‌ಗೆ ಕೂರುತ್ತದೆ, ಒಳಮೈ ನಿಮ್ಮ ಹಳೆಯ ಎಂ6 ಬೋಲ್ಟಿಗೇ ಥ್ರೆಡ್ ಆಗುತ್ತದೆ. ಬಿಡಿಯಾಗಿದ್ದಾಗ ಸುರುಳಿ ತೂತಿಗಿಂತ ತುಸು ಅಗಲವಾಗಿರುವುದರಿಂದ, ಕೂತ ಮೇಲೆ ಹೊರಕ್ಕೆ ಒತ್ತಿಕೊಂಡು ತಾನಾಗಿ ಹಿಡಿದಿರುತ್ತದೆ. ಇದು ತೇಪೆ ಕೆಲಸವೆಂದು ಕೆಲವರು ಮೂಗು ಮುರಿಯುತ್ತಾರೆ. ಆದರೆ ವಿಮಾನದ ಎಂಜಿನ್ನುಗಳ ಅಲ್ಯೂಮಿನಿಯಂ ಭಾಗಗಳಿಗೆ ಹೊಸದರಲ್ಲೇ ಇಂಥ ಸುರುಳಿಗಳನ್ನು ಹಾಕುವುದುಂಟು. ಬೋಲ್ಟಿನ ಎಳೆತವು ದೊಡ್ಡ ವ್ಯಾಸದ ಥ್ರೆಡ್‌ನ ಮೇಲೆ ಹರಡಿಕೊಳ್ಳುವುದರಿಂದ, ನೇರವಾಗಿ ಕೂರಿಸಿದ ಸುರುಳಿಯ ತೂತು ಮೊದಲಿನ ಅಲ್ಯೂಮಿನಿಯಂ ಥ್ರೆಡ್‌ಗಿಂತ ಗಟ್ಟಿ. ಈ ಕೆಲಸದಲ್ಲಿ ನೇರವಾಗಿ ಎಂಬ ಮಾತಿಗೇ ಹೆಚ್ಚಿನ ತೂಕ.

ಎಂ6, ಪಿಚ್ 1ರ ಕಿಟ್ಟಿನಲ್ಲಿ ಡ್ರಿಲ್ ಬಿಟ್, ವಿಶೇಷ ಟ್ಯಾಪ್, ಸುರುಳಿಗಳು ಮತ್ತು ಅವುಗಳನ್ನು ಕೂರಿಸುವ ಕಡ್ಡಿ ಇರುತ್ತವೆ. ತುಮಕೂರಿನ ದೊಡ್ಡ ಟೂಲ್ ಅಂಗಡಿಗಳಲ್ಲಿ ಕೇಳಿ ನೋಡಿ; ಸಿಗದಿದ್ದರೆ ಬೆಂಗಳೂರಿನ ಎಸ್‌ಜೆಪಿ ರಸ್ತೆಯವರೆಗೆ ಹೋಗಿಬಂದರೂ ನಷ್ಟವಿಲ್ಲ. ಟ್ಯಾಪಿನ ಮೇಲೆ ಎಸ್‌ಟಿಐ ಎಂಬ ಅಕ್ಷರಗಳಿವೆಯೇ ಎಂದು ನೋಡಿ. ಅದರ ಹೊರವ್ಯಾಸ ಸುಮಾರು 7.3 ಮಿ.ಮೀ.; ಮಾಮೂಲಿ ಎಂ6 ಟ್ಯಾಪಿನಿಂದ ಈ ಕೆಲಸ ಆಗುವುದಿಲ್ಲ. ಸುರುಳಿಗಳು ಬೋಲ್ಟಿನ ವ್ಯಾಸದ ಒಂದರಷ್ಟು, ಒಂದೂವರೆಯಷ್ಟು ಮತ್ತು ಎರಡರಷ್ಟು ಉದ್ದದಲ್ಲಿ ಬರುತ್ತವೆ. ನಿಮ್ಮ ತೂತಿಗೆ 12 ಮಿ.ಮೀ.ನದು ಹಿಡಿಸಿದರೆ ಅದನ್ನೇ ಹಾಕಿ, ಇಲ್ಲದಿದ್ದರೆ 9 ಮಿ.ಮೀ.ನದು ಸಾಕು.

ತೂತನ್ನು ಹಿಗ್ಗಿಸುವಾಗ ವಿದ್ಯುತ್ ಡ್ರಿಲ್ ಬೇಡವೆಂದೇ ನನ್ನ ಸಲಹೆ. ಈಗಾಗಲೇ 5 ಮಿ.ಮೀ.ಗೂ ಮೀರಿ ತೆರೆದಿರುವ ತೂತಿಗೆ 6.3 ಮಿ.ಮೀ.ನ ಬಿಟ್ ಇಳಿಸಿದಾಗ ಅದರ ಅಂಚು ಮಾತ್ರ ಲೋಹವನ್ನು ಮುಟ್ಟುತ್ತದೆ, ಮೆತ್ತನೆಯ ಅಲ್ಯೂಮಿನಿಯಂ ಅದನ್ನು ತಿರುಪಿನಂತೆ ಒಳಕ್ಕೆಳೆದುಕೊಳ್ಳುತ್ತದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಿಟ್ ತಳ ಮುಟ್ಟಿ ಕೇಸಿನ ಆಚೆ ಹೋಗಿರುತ್ತದೆ. ಬಿಟ್ಟನ್ನು ಟ್ಯಾಪಿನ ಹಿಡಿಗೆ ಸಿಕ್ಕಿಸಿ ಕೈಯಿಂದಲೇ ತಿರುಗಿಸಿದರೆ ಐದು ನಿಮಿಷದ ಕೆಲಸ ಹದಿನೈದು ನಿಮಿಷವಾಗುತ್ತದೆ, ಅಷ್ಟೇ. ಬೇಕಾದ ಆಳಕ್ಕೆ ಬಿಟ್ಟಿನ ಮೇಲೆ ಬಣ್ಣದ ಟೇಪು ಸುತ್ತಿಕೊಳ್ಳಿ. ಬಿಟ್ಟಿನ ತೋಡುಗಳಿಗೆ ಗ್ರೀಸ್ ತುಂಬಿಕೊಂಡರೆ ಲೋಹದ ಚೂರುಗಳು ಅದಕ್ಕೇ ಅಂಟಿಕೊಂಡು ಹೊರಬರುತ್ತವೆ. ಕೇಸಿನ ತೆರೆದ ಭಾಗಕ್ಕೆಲ್ಲ ಮೊದಲೇ ಬಟ್ಟೆ ತುರುಕಿರಬೇಕು, ಗ್ಯಾಸ್ಕೆಟ್ ಕೂರುವ ಮುಖವನ್ನು ಗೀರದಂತೆ ಕಾಪಾಡಬೇಕು.

ಟ್ಯಾಪ್ ಹಾಕುವಾಗ ಅಲ್ಯೂಮಿನಿಯಂಗೆ ಸೀಮೆಎಣ್ಣೆಯೇ ಒಳ್ಳೆಯ ಎಣ್ಣೆ. ಅದು ಸಿಗದ ಈ ಕಾಲದಲ್ಲಿ ಡೀಸೆಲ್ ಬಳಸಿದರೂ ನಡೆಯುತ್ತದೆ. ಮೊದಲ ಎರಡು ಸುತ್ತು ಹಾಕಿ ನಿಲ್ಲಿಸಿ, ಟ್ಯಾಪಿನ ಪಕ್ಕಕ್ಕೆ ಸಣ್ಣ ಮೂಲೆಮಟ್ಟವನ್ನಿಟ್ಟು ಎರಡು ದಿಕ್ಕಿನಿಂದ ನೋಡಿ. ಓರೆಯಿದ್ದರೆ ಸರಿಪಡಿಸಲು ಅದೊಂದೇ ಅವಕಾಶ. ನಾಲ್ಕು ಸುತ್ತಾದ ಮೇಲೆ ಟ್ಯಾಪು ತನ್ನ ದಾರಿಯನ್ನೇ ಹಿಡಿದು ಹೋಗುತ್ತದೆ. ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸುತ್ತ ಹೋದರೆ ಚೂರು ಮುರಿದು ಬೀಳುತ್ತದೆ. ಮುಚ್ಚಿದ ತೂತಾದ್ದರಿಂದ ನಡುವೆ ಎರಡು ಮೂರು ಸಲ ಟ್ಯಾಪನ್ನು ಪೂರ್ತಿ ಹೊರತೆಗೆದು ಒರೆಸಲೇಬೇಕು. ಕೈಗೆ ಭಾರ ಹೆಚ್ಚಾಯಿತು ಎನಿಸಿದ ಕ್ಷಣ ನಿಲ್ಲಿಸಿ. ಕಲಿಯುವ ದಿನಗಳಲ್ಲಿ ನಾನು ಹಾಗೆ ನಿಲ್ಲಿಸದೆ ಒಬ್ಬರ ಎಂಜಿನ್ ಕೇಸಿನೊಳಗೆ ಟ್ಯಾಪ್ ಮುರಿದು ಕೂರಿಸಿದ್ದೆ. ಟ್ಯಾಪಿನ ಉಕ್ಕು ಎಷ್ಟು ಗಡುಸೆಂದರೆ ಮಾಮೂಲಿ ಡ್ರಿಲ್ ಅದರ ಮೇಲೆ ಜಾರಿ ಪಕ್ಕದ ಅಲ್ಯೂಮಿನಿಯಂ ತಿನ್ನುತ್ತದೆಯೇ ಹೊರತು ಅದನ್ನು ಮುಟ್ಟುವುದೂ ಇಲ್ಲ. ಕೊನೆಗೆ ಕೇಸನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಪೀಣ್ಯಕ್ಕೆ ಒಯ್ದು, ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ಯಂತ್ರದಲ್ಲಿ ಆ ಚೂರನ್ನು ತೆಗೆಸಿಕೊಂಡು ಬಂದೆ. ಆ ತಿಂಗಳ ಸಂಪಾದನೆಯಲ್ಲಿ ಏನೂ ಉಳಿಯಲಿಲ್ಲ.

ಟ್ಯಾಪ್ ಆದ ಮೇಲೆ ತೂತನ್ನು ಬ್ರೇಕ್ ಕ್ಲೀನರಿನಿಂದ ತೊಳೆದು ಒಣಗಿಸಿ, ಸುರುಳಿಯನ್ನು ಕಡ್ಡಿಗೆ ಸಿಕ್ಕಿಸಿ ತಿರುಗಿಸುತ್ತ ಇಳಿಸಿ. ಕೆಳಕ್ಕೆ ಒತ್ತಬೇಡಿ, ಒತ್ತಿದರೆ ತಂತಿ ಒಂದು ಥ್ರೆಡ್ ಹಾರಿ ಪಕ್ಕದ್ದಕ್ಕೆ ಬೀಳುತ್ತದೆ. ತಿರುಗಿಸಿದಷ್ಟೂ ಅದು ತಾನೇ ಒಳಗಿಳಿಯುತ್ತದೆ. ಸುರುಳಿಯ ಮೇಲಿನ ಅಂಚು ಕೇಸಿನ ಮುಖಕ್ಕಿಂತ ಕಾಲು ಅಥವಾ ಅರ್ಧ ಸುತ್ತು ಒಳಗಿರುವಂತೆ ನಿಲ್ಲಿಸಿ. ಸುರುಳಿಯ ತಳದಲ್ಲಿ ಅಡ್ಡಕ್ಕೆ ಮಡಿಸಿದ ಒಂದು ಕೊಕ್ಕೆಯಿರುತ್ತದೆ. ಬೋಲ್ಟು ಅದಕ್ಕೆ ತಾಗುವಂತಿದ್ದರೆ ಸರಿಯಾದ ದಪ್ಪದ ಕಡ್ಡಿಯಿಟ್ಟು ಒಂದೇ ಚುರುಕು ಏಟಿನಲ್ಲಿ ಅದನ್ನು ಮುರಿದು, ತುದಿಗೆ ಗ್ರೀಸ್ ಹಚ್ಚಿದ ಕಡ್ಡಿಯಿಂದ ಹೊರತೆಗೆಯಿರಿ. ಆಯಸ್ಕಾಂತವನ್ನು ನಂಬಬೇಡಿ, ಈ ತಂತಿ ಸ್ಟೇನ್‌ಲೆಸ್ ಸ್ಟೀಲಿನದು. ಮುಂದೆ ಆ ಬೋಲ್ಟಿಗೆ ಥ್ರೆಡ್ ಅಂಟನ್ನು ಹಚ್ಚುವುದೂ ಬೇಡ; ಬೋಲ್ಟು ಬಿಚ್ಚುವಾಗ ಸುರುಳಿಯೂ ಅದರ ಬೆನ್ನಿಗೇ ಎದ್ದು ಬರುತ್ತದೆ.

ಇದೇ ತೂತಿಗೆ ಎಂ8 ಬೋಲ್ಟ್ ಹಾಕಿಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕೇಸಿನ ಜೊತೆಗೆ ಕವರಿನ ತೂತನ್ನೂ ಹಿಗ್ಗಿಸಬೇಕಾಗುತ್ತದೆ, ಗ್ಯಾಸ್ಕೆಟ್ ಕೂರುವ ಪಟ್ಟಿ ಕಿರಿದಾಗುತ್ತದೆ, ಎಂ8ರ ತಲೆ ಕವರಿನ ಅಂಚಿಗೆ ತಾಗಿ ಸರಿಯಾಗಿ ಕೂರುವುದೂ ಇಲ್ಲ.

ಡ್ರೈನ್ ಬೋಲ್ಟಿನ ಲೆಕ್ಕ ಬೇರೆ. ಅದು ಪ್ರತಿ ಆಯಿಲ್ ಬದಲಾವಣೆಗೂ ಬಿಚ್ಚಿ ಹಾಕುವ ಬೋಲ್ಟು, ಅದರ ತೂತು ನೇರವಾಗಿ ಎಂಜಿನ್ನಿನ ಹೊಟ್ಟೆಗೆ ತೆರೆದಿರುತ್ತದೆ. ಮಾಮೂಲಿ ಸುರುಳಿ ಹಾಕಿ ಕೊಕ್ಕೆ ಮುರಿದರೆ ಚೂರು ಒಳಕ್ಕೇ ಬೀಳುತ್ತದೆ. ಕೊಕ್ಕೆಯಿಲ್ಲದ ಸುರುಳಿಗಳು ಇವೆಯಾದರೂ ನಮ್ಮ ಕಡೆ ಸಿಗುವುದು ಕಷ್ಟ. ಸುರುಳಿ ಹಾಕಿದರೆ ಕಡಿಮೆ ಲೋಹ ಹೋಗುತ್ತದೆ ಎಂಬ ನಂಬಿಕೆಯೂ ಇಲ್ಲಿ ನಿಲ್ಲುವುದಿಲ್ಲ. ಎಂ12, ಪಿಚ್ 1.5ರ ಸುರುಳಿಗೆ ಬೇಕಾದ ಟ್ಯಾಪಿನ ಹೊರವ್ಯಾಸವೇ ಸುಮಾರು 14 ಮಿ.ಮೀ., ಅಂದರೆ ಎಂ14 ಬೋಲ್ಟಿಗೆ ಹೋಗುವಷ್ಟೇ ಲೋಹ ಇದಕ್ಕೂ ಹೋಗುತ್ತದೆ. ಹಾಗಾಗಿ ದಪ್ಪ ಬೋಲ್ಟ್ ಹಾಕಿಸಿ ಎಂದವರು ಕವರಿನ ವಿಷಯದಲ್ಲಿ ತಪ್ಪಿದ್ದರೂ ಡ್ರೈನ್ ವಿಷಯದಲ್ಲಿ ಸರಿಯೇ. 12.5 ಮಿ.ಮೀ.ಗೆ ಹಿಗ್ಗಿಸಿ, ಎಂ14, ಪಿಚ್ 1.5ರ ಟ್ಯಾಪ್ ಹಾಕಿ, ಅದೇ ಅಳತೆಯ ಡ್ರೈನ್ ಬೋಲ್ಟನ್ನು ಹೊಸ ತಾಮ್ರದ ವಾಷರಿನೊಂದಿಗೆ ಹಾಕಿದರೆ ಅದು ಪ್ರಾಮಾಣಿಕ ದುರಸ್ತಿ. ಅಂಗಡಿಗಳಲ್ಲಿ ಸಿಗುವ, ತನ್ನ ಥ್ರೆಡ್ ತಾನೇ ಕೊರೆದುಕೊಳ್ಳುವ ಬೋಲ್ಟನ್ನು ಮಾತ್ರ ಅಲ್ಯೂಮಿನಿಯಂ ಕೇಸಿಗೆ ಹಾಕಬೇಡಿ. ಅದು ಓರೆಯಾಗಿ ಇಳಿಯುತ್ತದೆ, ಇಳಿಯುವಾಗ ಕೇಸನ್ನು ಸೀಳುವುದೂ ಉಂಟು.

ತೂತಿನ ಸುತ್ತಲಿನ ಉಬ್ಬು ದಪ್ಪವಿದ್ದರೆ ಇದಕ್ಕಿಂತ ಮೇಲಾದ ಉಪಾಯ ಬುಷ್ ಹೊಡೆಸುವುದು, ಅಂದರೆ ಒಳಗೂ ಹೊರಗೂ ಥ್ರೆಡ್ ಇರುವ ಲೋಹದ ಬಳೆಯನ್ನು ತೂತಿಗೆ ಕೂರಿಸುವುದು. ಇಲ್ಲಿ ಲೇತ್ ಅಂಗಡಿಯವರು ಒಂದು ಲೆಕ್ಕ ತಪ್ಪುವುದನ್ನು ಹಲವು ಸಲ ನೋಡಿದ್ದೇನೆ. ಒಳಗೆ ಎಂ12, ಹೊರಗೆ ಎಂ14, ಪಿಚ್ 1.5 ಎಂದು ಬುಷ್ ಮಾಡಲು ಹೊರಟರೆ, ಹೊರಥ್ರೆಡ್‌ನ ತಳದ ವ್ಯಾಸ 12.2 ಮಿ.ಮೀ.ಗೂ ಕಡಿಮೆ, ಒಳಥ್ರೆಡ್‌ನ ಹೊರ ಅಂಚು 12 ಮಿ.ಮೀ.; ನಡುವೆ ಗೋಡೆಯಾಗಿ ಉಳಿಯುವುದು ಕಾಗದದಷ್ಟು. ಹೊರಗೆ ಎಂ16, ಪಿಚ್ 1.5 ಮಾಡಿದರೆ ಮಾತ್ರ ಒಂದು ಮಿಲಿಮೀಟರಿನಷ್ಟು ಗೋಡೆ ಸಿಗುತ್ತದೆ. ಅದಕ್ಕೆ 14.5 ಮಿ.ಮೀ. ತೂತು ಬೇಕು, ಟ್ಯಾಪ್ ಆದ ಮೇಲೂ ಸುತ್ತ ಕನಿಷ್ಠ 3 ಮಿ.ಮೀ. ಅಲ್ಯೂಮಿನಿಯಂ ಉಳಿಯಬೇಕು. ಉಬ್ಬಿನ ಹೊರವ್ಯಾಸವನ್ನು ವರ್ನಿಯರಿನಿಂದ ಅಳೆಯಿರಿ. 22 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬುಷ್, ಕಡಿಮೆಯಿದ್ದರೆ ಎಂ14 ಬೋಲ್ಟು.

ಬುಷ್ಷಿಗೆ ಹಿತ್ತಾಳೆ ನನ್ನ ಆಯ್ಕೆ. ಎಂಜಿನ್ ಕಾದಾಗ ಅಲ್ಯೂಮಿನಿಯಂ ಸ್ಟೀಲಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹಿತ್ತಾಳೆಯ ಹಿಗ್ಗು ಅಲ್ಯೂಮಿನಿಯಂಗೆ ಹತ್ತಿರವಿರುವುದರಿಂದ ಬುಷ್ಷಿನ ಹಿಡಿತ ಕಡಿಮೆ ಸಡಿಲವಾಗುತ್ತದೆ. ನನಗೆ ಈ ಕೆಲಸ ಕಲಿಸಿದ ಹಿರಿಯರು ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಟೂಲ್‌ರೂಮಿನಲ್ಲಿ ದುಡಿದು ಬಂದವರು. ಬುಷ್ ಕೂರಿಸಿದ ಮೇಲೆ ಅವರು ಉಗುರಿನ ತುದಿಯನ್ನು ಕೇಸಿನಿಂದ ಬುಷ್ಷಿನ ಮೇಲಕ್ಕೆ ಎಳೆದು ನೋಡುತ್ತಿದ್ದರು. ಉಗುರು ತುಸು ಕೆಳಕ್ಕೆ ಬೀಳಬೇಕು, ಎಡವಬಾರದು. ಬುಷ್ ಒಂದು ಕೂದಲೆಳೆಯಷ್ಟು ಮೇಲಿದ್ದರೂ ವಾಷರು ಅದರ ಮೇಲೆಯೇ ಕೂತು, ಕೇಸಿನ ಮುಖವನ್ನು ಮುಟ್ಟದೆ, ಆಯಿಲ್ ಬುಷ್ಷಿನ ಹೊರಥ್ರೆಡ್‌ನ ಗುಂಟ ಇಳಿದು ಬರುತ್ತದೆ. ಆದ್ದರಿಂದ ಹೊರಥ್ರೆಡ್‌ಗೆ ಬುಷ್ ಹಿಡಿಸುವ ಗಟ್ಟಿ ಅಂಟನ್ನು ಹಚ್ಚಿ ಕೂರಿಸಿ, ಒಂದು ದಿನ ಒಣಗಲು ಬಿಟ್ಟು ಆಮೇಲೆ ಆಯಿಲ್ ತುಂಬಿಸಿ.

ಡ್ರೈನ್ ತೂತಿಗೆ ಕೆಳಗಿನಿಂದ ಕೆಲಸ ಮಾಡುವುದರಿಂದ ಹೆಚ್ಚಿನ ಚೂರು ತಾನಾಗಿ ಕೆಳಗೆ ಬೀಳುತ್ತದೆ, ಹಾಗಾಗಿ ಬೈಕನ್ನು ನೆಟ್ಟಗೆ ನಿಲ್ಲಿಸಿಯೇ ಕೊರೆಯಿರಿ, ಮಲಗಿಸಬೇಡಿ. ಕಂಪ್ರೆಸರಿನ ಗಾಳಿಯನ್ನು ತೂತಿನೊಳಕ್ಕೆ ಊದಲೇಬಾರದು. ಕೆಲಸ ಮುಗಿದ ಮೇಲೆ ಅಗ್ಗದ ಎಂಜಿನ್ ಆಯಿಲನ್ನು ಮೇಲಿನಿಂದ ಕಾಲು ಲೀಟರಿನಷ್ಟು ಸುರಿದು ಕೆಳಗಿನಿಂದ ಹರಿದು ಹೋಗಲು ಬಿಡಿ. ಹರಿದದ್ದನ್ನು ಬಿಳಿಯ ಬಟ್ಟೆಯಲ್ಲಿ ಸೋಸಿ ನೋಡಿ. ಮಿನುಗುವ ಚೂರು ಕಾಣದಾಗುವವರೆಗೆ ಹೀಗೆ ಎರಡು ಮೂರು ಸಲ ಮಾಡಬೇಕಾದೀತು.

ವೆಲ್ಡಿಂಗ್ ಬಗ್ಗೆ ಎರಡು ಮಾತು. ವರ್ಷಗಟ್ಟಲೆ ಆಯಿಲ್ ಕುಡಿದ ಎರಕದ ಮೇಲೆ ವೆಲ್ಡಿಂಗ್ ಕಿಡಿ ಬಿದ್ದಾಗ ಆ ಆಯಿಲ್ ಹೊಗೆಯಾಗಿ ಹೊರಟು, ತುಂಬಿದ ಲೋಹವು ಇಡ್ಲಿಯಂತೆ ಗುಳಿಗುಳಿಯಾಗುತ್ತದೆ. ಅದರೊಳಗೆ ಟ್ಯಾಪ್ ಹೊಡೆದರೆ ಥ್ರೆಡ್ ನಿಲ್ಲುವುದಿಲ್ಲ. ಒಳ್ಳೆಯ ಟಿಗ್ ವೆಲ್ಡರ್ ಆದವನು ಎಂಜಿನ್ ಪೂರ್ತಿ ಬಿಚ್ಚಿ, ಕೇಸನ್ನು ತೊಳೆದು ಕಾಯಿಸಿದ ಮೇಲೆಯೇ ಈ ಕೆಲಸಕ್ಕೆ ಕೈಹಾಕುತ್ತಾನೆ. ಬಿಸಿಗೆ ಕೇಸು ಸೊಟ್ಟಗಾದರೆ ಬೇರಿಂಗ್ ಕೂರುವ ಜಾಗಗಳು ಕೆಡುತ್ತವೆ. ಉಬ್ಬು ಒಡೆದು ತುಂಡೇ ಬಿದ್ದುಹೋಗಿದ್ದರೆ ಮಾತ್ರ ಈ ದಾರಿ. ತೂತಿಗೆ ಎಪಾಕ್ಸಿ ಕಣಕ ತುಂಬಿ ಬೋಲ್ಟ್ ಕೂರಿಸುವುದು, ಟೆಫ್ಲಾನ್ ಟೇಪ್ ಸುತ್ತಿ ಡ್ರೈನ್ ಬೋಲ್ಟ್ ತಿರುಗಿಸುವುದು ಎರಡನ್ನೂ ಬಿಡಿ. ಕಾದ ಆಯಿಲಿಗೂ ನಡುಕಕ್ಕೂ ಎಪಾಕ್ಸಿಯ ಹಿಡಿತ ಉಳಿಯುವುದಿಲ್ಲ, ಟೇಪಿನ ಎಳೆಗಳು ಹರಿದು ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುತ್ತವೆ.

ನೀವು ಕೇಳಿಲ್ಲದಿದ್ದರೂ ಒಂದು ಎಚ್ಚರಿಕೆ ಕೊಡಬೇಕು. ಬ್ರೇಕ್ ಕ್ಯಾಲಿಪರ್, ಹ್ಯಾಂಡಲ್‌ಬಾರ್ ಹಿಡಿಕೆ, ಮುಂದಿನ ಆಕ್ಸಲ್ ಕಚ್ಚುವ ಜಾಗ, ಇವುಗಳ ಥ್ರೆಡ್ ಹೋದರೆ ಅದನ್ನು ಕಲಿಕೆಯ ಕೆಲಸವಾಗಿ ಮಾಡಿಕೊಳ್ಳಬೇಡಿ. ಅಲ್ಲಿಯೂ ಸುರುಳಿ ಹಾಕಲು ಬರುತ್ತದೆ, ಆದರೆ ಡ್ರಿಲ್ಲಿಂಗ್ ಯಂತ್ರದ ಮೇಜಿನ ಮೇಲೆ ಭಾಗವನ್ನು ಬಿಗಿದು ಕೊರೆಯುವ ಅನುಕೂಲ ಇರುವವರಿಂದಲೇ ಮಾಡಿಸಬೇಕು. ತೂತಿನ ಅಂಚು ತೆಳುವಾಗಿದ್ದರೆ ಭಾಗವನ್ನೇ ಬದಲಿಸಬೇಕು. ನಿಮ್ಮ ಕವರಿನ ತೂತು ಕೈಕೊಟ್ಟರೆ ಆಯಿಲ್ ಜಿನುಗುತ್ತದೆ, ಇವು ಕೈಕೊಟ್ಟರೆ ಸವಾರ ಬೀಳುತ್ತಾನೆ.

ಮರಳಿ ಜೋಡಿಸುವಾಗ ಪ್ರತಿ ಬೋಲ್ಟನ್ನೂ ಮೊದಲು ಬೆರಳಿನಿಂದ ಹಿಮ್ಮುಖವಾಗಿ ಮೆಲ್ಲಗೆ ತಿರುಗಿಸಿ. ಒಂದು ಹಂತದಲ್ಲಿ ಬೋಲ್ಟು ಟಕ್ಕನೆ ಒಂದಿಷ್ಟು ಕೆಳಗೆ ಕೂತದ್ದು ಬೆರಳಿಗೆ ತಿಳಿಯುತ್ತದೆ, ಅದು ಎರಡು ಥ್ರೆಡ್‌ಗಳ ಬಾಯಿ ಒಂದಕ್ಕೊಂದು ಕೂಡಿದ ಸದ್ದು. ಅಲ್ಲಿಂದ ಬೆರಳಿನಿಂದಲೇ ಪೂರ್ತಿ ಇಳಿಯಬೇಕು. ಅರ್ಧದಲ್ಲಿ ಬಿಗಿಯಾದರೆ ಪಾನಾ ಹಾಕದೆ ಹೊರತೆಗೆಯಿರಿ. ಎಲ್ಲವೂ ಕೂತ ಮೇಲೆ ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ, ಕೊನೆಯದಾಗಿ ಟಾರ್ಕ್ ವ್ರೆಂಚಿನಿಂದ ಬಿಗಿಯಿರಿ. ದೊಡ್ಡ ವ್ರೆಂಚುಗಳು 10 ನ್ಯೂಟನ್ ಮೀಟರಿನಷ್ಟು ಕಡಿಮೆ ಅಳತೆಯನ್ನು ಸರಿಯಾಗಿ ತೋರಿಸುವುದಿಲ್ಲವಾದ್ದರಿಂದ, ಸಾಕೆಟ್ ಸಿಕ್ಕಿಸುವ ಚೌಕ ಕಾಲಿಂಚಿರುವ ಚಿಕ್ಕದನ್ನೇ ಬಳಸಿ. ನಿಮ್ಮಲ್ಲಿಲ್ಲದಿದ್ದರೆ ಒಂದು ದಿನದ ಮಟ್ಟಿಗೆ ಎರವಲು ತನ್ನಿ.

ಜೋಡಿಸಿದ ದಿನವೇ ಗುಡ್ಡಕ್ಕೆ ಹೊರಡಬೇಡಿ. ಊರೊಳಗೆ ಹತ್ತು ಕಿಲೋಮೀಟರ್ ಓಡಿಸಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ದುರಸ್ತಿ ಮಾಡಿದ ಬೋಲ್ಟುಗಳ ಅಡಿಗೆ ಟಾಲ್ಕಂ ಪೌಡರ್ ಉದುರಿಸಿ, ಮತ್ತೊಮ್ಮೆ ಹತ್ತು ಕಿಲೋಮೀಟರ್ ಓಡಿಸಿ ಬಂದು ನೋಡಿ. ಆಯಿಲ್ ಎಲ್ಲಿ ಜಿನುಗುತ್ತಿದ್ದರೂ ಪೌಡರಿನ ಮೇಲೆ ಅಲ್ಲೇ ಕಪ್ಪು ಗೆರೆ ಬಿದ್ದಿರುತ್ತದೆ. ಹೊಸದಾಗಿ ತುಂಬಿದ ಆಯಿಲನ್ನು ಮಾತ್ರ ಇನ್ನೂರು ಕಿಲೋಮೀಟರಿನೊಳಗೆ ಒಮ್ಮೆ ಇಳಿಸಿ ಜಾಲರಿಯನ್ನು ತೊಳೆಯಿರಿ, ಆಗ ಡ್ರೈನ್ ಬೋಲ್ಟಿಗೆ ವಾಷರು ಮತ್ತೆ ಹೊಸದು.